ಲಿಂಗರಾಜುವಿಗೆ ಯಾರು ಹೇಳಿದರು?

ನಮ್ಮ ಬೀದಿಯ ಲಿಂಗರಾಜು ಮಿಕ್ಸಿ ರಿಪೇರಿಗಿಂತ ಬೈಗುಳಕ್ಕೆ ಹೆಚ್ಚು ಹೆಸರಾದವನು. ಲಷ್ಕರ್ ಮೊಹಲ್ಲಾದಲ್ಲಿ ಅವನ ಅಂಗಡಿ ಎಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಜಾರುಗಳು. ಅದರ ಹಿಂದೆಯೇ ಮನೆ. ಮಿಕ್ಸಿ ತಂದ ಹೆಂಗಸರನ್ನು ಅವನು ಮೊದಲು ವಿಚಾರಣೆ ಮಾಡುತ್ತಿದ್ದ.

"ಒಣ ಅರಿಶಿನದ ಕೊಂಬು ಹಾಕಿದ್ರಾ? ಬಿಸಿ ಬೇಳೆ ಹಾಕಿದ್ರಾ? ನಿಜ ಹೇಳ್ಬುಡಿ."

ನಿಜ ಹೇಳಿದರೂ ಬೈಯುತ್ತಿದ್ದ. ಸುಳ್ಳು ಹೇಳಿದರೆ ಮೋಟರು ಬಿಚ್ಚಿ, ಸಾಕ್ಷಿ ತೋರಿಸಿ ಬೈಯುತ್ತಿದ್ದ. ನನ್ನ ಹೆಂಡತಿ ಕಮಲ ಅಲ್ಲಿಂದ ಬಂದಾಗಲೆಲ್ಲ ಮುಖ ಊದಿಸಿಕೊಂಡು, "ಇನ್ನು ಆ ಮನುಷ್ಯನ ಅಂಗಡಿ ಮೆಟ್ಟಿಲು ಹತ್ತಲ್ಲ" ಎನ್ನುತ್ತಿದ್ದಳು. ಮುಂದಿನ ಸಲ ಮಿಕ್ಸಿ ಕೆಟ್ಟಾಗ ಮತ್ತೆ ಅಲ್ಲಿಗೇ ಹೋಗುತ್ತಿದ್ದಳು. ಬೀದಿಯ ಉಳಿದ ಹೆಂಗಸರದೂ ಇದೇ ಕಥೆ.

ನಾನು ಗೋವಿಂದರಾಜು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಲಿಂಗರಾಜುವಿನ ಅಂಗಡಿಯ ಎದುರಿಗೇ ನಮ್ಮ ಮನೆ. ಎದ್ದು ನಿಲ್ಲು, ಬಲಕ್ಕೆ ತಿರುಗು, ಕೈ ಎತ್ತು ಎಂದು ಜೀವನವಿಡೀ ಹೇಳಿದವನಿಗೆ ನಿವೃತ್ತಿಯಾದ ಮೇಲೆ ಮಾತು ಕೇಳುವವರೇ ಇಲ್ಲವಾದರು. ಮನೆಯಲ್ಲಂತೂ ಮೊದಲಿಂದಲೂ ಇರಲಿಲ್ಲ. ಲಿಂಗರಾಜುವಿನ ತಲೆಗೆ ಏಟು ಬಿದ್ದ ಮೇಲೆ ನನಗೆ ಒಬ್ಬ ಸಿಕ್ಕಿದ. ಹೀಗೆ ಹೇಳುವುದು ಚೆನ್ನಾಗಿಲ್ಲ, ಆದರೆ ನಡೆದದ್ದು ಹಾಗೆಯೇ.

ಹೋದ ವರ್ಷ ದಸರಾ ಮುಗಿದ ಸ್ವಲ್ಪ ದಿನಕ್ಕೆ ಅವನು ಕಡಕೊಳದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಗ್ರೈಂಡರು ರಿಪೇರಿ ಮಾಡಿ ವಾಪಸು ಬರುತ್ತಿದ್ದ. ನಂಜನಗೂಡು ರಸ್ತೆಯಲ್ಲಿ ಸ್ಕೂಟರಿಗೆ ನಾಯಿ ಅಡ್ಡ ಬಂತು. ಹೆಲ್ಮೆಟ್ಟು ಸ್ಕೂಟರಿನ ಕೊಕ್ಕೆಯಲ್ಲಿ ಭದ್ರವಾಗಿ ನೇತಾಡುತ್ತಿತ್ತು. ಅದಕ್ಕೆ ಒಂದು ಗೀರೂ ಆಗಲಿಲ್ಲ. ನಾಯಿಗೂ ಏನೂ ಆಗಲಿಲ್ಲವಂತೆ.

ಸಂಕ್ರಾಂತಿಯ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದ. ನೋಡಿದವರೆಲ್ಲ "ಮೊದಲಿನ ಹಾಗೇ ಇದ್ದಾನಲ್ಲ" ಎಂದರು. ಹೊಲಿಗೆಯ ಮೇಲೆ ಕೂದಲು ಬಂದಿತ್ತು, ನಡಿಗೆ ಸರಿಯಿತ್ತು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದ. ಇಲ್ಲದ್ದು ಒಂದೇ. ಹೇಳದೆ ಅವನು ಏನನ್ನೂ ಮಾಡುತ್ತಿರಲಿಲ್ಲ. ಹಾಸಿಗೆಯಿಂದ ಏಳಿ ಎನ್ನಬೇಕು. ಹಲ್ಲುಜ್ಜಿ ಎನ್ನಬೇಕು. ಬಾಯಿ ಮುಕ್ಕಳಿಸಿ ಎನ್ನದಿದ್ದರೆ ಬಾಯಿ ತುಂಬ ನೊರೆ ಇಟ್ಟುಕೊಂಡು ಬಚ್ಚಲಲ್ಲೇ ನಿಂತಿರುತ್ತಿದ್ದ. ತುತ್ತು ಬಾಯಿಗಿಟ್ಟು ಸುಮ್ಮನಾಗಿಬಿಡುತ್ತಿದ್ದ. ಅವನ ಹೆಂಡತಿ ಬಿಂದು ಪಕ್ಕದಲ್ಲಿ ಕೂತು "ಅಗೀರಿ, ನುಂಗಿ" ಎನ್ನುತ್ತಿದ್ದಳು. ಎದುರು ಮನೆಯಾದ್ದರಿಂದ ನಮ್ಮ ಊಟದ ಹೊತ್ತಿಗೆ ಅವಳ "ನುಂಗಿ" ನಮಗೂ ಕೇಳುತ್ತಿತ್ತು. ಕೆಲವು ಸಲ ನಾನೂ ನುಂಗಿದೆ.

ಒಂದು ದಿನ "ಇಲ್ಲೇ ನಿಂತಿರಿ, ಬೀಗ ಹಾಕ್ಕೊಂಡು ಬರ್ತೀನಿ" ಎಂದು ಒಳಗೆ ಹೋದವಳಿಗೆ ಫೋನು ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಲಿಂಗರಾಜು ಬಿಸಿಲಲ್ಲೇ ನಿಂತಿದ್ದ. ನೆರಳು ಒಂದು ಹೆಜ್ಜೆ ಆಚೆಗಿತ್ತು. ಅವತ್ತು ಬಿಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಅವನು ಅವಳನ್ನು ನೋಡುತ್ತ ನಿಂತಿದ್ದ. ಹೆಂಡತಿ ಅತ್ತರೆ ಸಮಾಧಾನ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬೀದಿ ತನ್ನದೇ ಆದ ತೀರ್ಮಾನಕ್ಕೆ ಬಂದಿತ್ತು. ಕೆಲವರು ಸೋಮಾರಿತನ ಎಂದರು, ಕೆಲವರು ದೃಷ್ಟಿ ಎಂದರು, ಮೂಲೆ ಮನೆಯ ದಿನಸಿ ಅಂಗಡಿಯ ಏಕಾಂತಯ್ಯ ಎರಡೂ ಇರಬಹುದು ಎಂದ. ಅಷ್ಟರಲ್ಲಿ ಕೀರ್ತಿ ಎಂಬ ಹುಡುಗಿ ಬಂದಳು. ತಲೆಗೆ ಏಟು ಬಿದ್ದು ಮನೆ ಸೇರಿದವರನ್ನು ಮನೆಗೇ ಬಂದು ನೋಡಿಕೊಳ್ಳುವ ಒಂದು ಸಂಸ್ಥೆಯವಳು. ಅವಳು ಲಿಂಗರಾಜುವನ್ನು ಸ್ವಲ್ಪ ಹೊತ್ತು ಮಾತಾಡಿಸಿ, ಆಮೇಲೆ ನಮ್ಮನ್ನೆಲ್ಲ ಅಂಗಡಿಯ ಮುಂದೆ ಸೇರಿಸಿದಳು.

"ಇದು ಸೋಮಾರಿತನ ಅಲ್ಲ. ಮೆದುಳಿನ ಮುಂಭಾಗಕ್ಕೆ ಏಟು ಬಿದ್ದಿದೆ. ಇವರಿಗೆ ಕೆಲಸ ಮರೆತಿಲ್ಲ, ಶುರು ಮಾಡೋದು ಆಗ್ತಾ ಇಲ್ಲ" ಎಂದಳು.

"ಗಾಡಿ ಚೆನ್ನಾಗೈತೆ, ಕಿಕ್ಕರ್ ಹೋಗೈತೆ ಅನ್ನಿ" ಎಂದ ಏಕಾಂತಯ್ಯ.

"ಹಾಗೇ ಅಂದ್ಕೊಳ್ಳಿ. ಬಿಂದು ಅವರು ಒಬ್ಬರೇ ದಿನವಿಡೀ ಕಿಕ್ ಹೊಡೀತಿದ್ರೆ ಅವರೂ ಹಾಸಿಗೆ ಹಿಡೀತಾರೆ. ನೀವೆಲ್ಲ ಹಂಚಿಕೊಳ್ಳಿ."

ಅವಳು ಹೇಳಿಕೊಟ್ಟ ಪದ್ಧತಿ ಹೀಗಿತ್ತು. ಮೊದಲು, ಮಾಡಬೇಕಾದ್ದನ್ನು ಹೇಳುವುದು. ಸ್ವಲ್ಪ ಕಾಲದ ಮೇಲೆ ಹೇಳುವುದನ್ನು ಬಿಟ್ಟು "ಮುಂದೇನು?" ಎಂದು ಕೇಳುವುದು. ಕೊನೆಗೆ ಕೇಳುವುದನ್ನೂ ಬಿಟ್ಟು ಬಾಯಿಗೆ ಬೀಗ ಹಾಕಿಕೊಂಡು ಕಾಯುವುದು. "ಕಾಯೋದೇ ಎಲ್ಲಕ್ಕಿಂತ ಕಷ್ಟ" ಎಂದಳು. ನಾವು ನಕ್ಕೆವು. ಬಾಯಿ ಮುಚ್ಚಿಕೊಂಡಿರುವುದು ಯಾವ ಮಹಾ ಕಷ್ಟ ಎಂದುಕೊಂಡೆವು.

ಮೊದಲನೆಯ ಹಂತದಲ್ಲಿ ನಮ್ಮ ಬೀದಿ ಅಮೋಘವಾಗಿ ತೇರ್ಗಡೆಯಾಯಿತು. ಇನ್ನೊಬ್ಬರು ಏನು ಮಾಡಬೇಕೆಂದು ಹೇಳಲು ಇಲ್ಲಿ ಯಾರಿಗೂ ತರಬೇತಿ ಬೇಕಾಗಿರಲಿಲ್ಲ. ಬೆಳಿಗ್ಗೆ ನಾನು ಗೇಟಿನಲ್ಲಿ ನಿಂತು "ಲಿಂಗರಾಜು, ಶಟರ್ ಎತ್ತು!" ಎನ್ನುತ್ತಿದ್ದೆ. ಎತ್ತುತ್ತಿದ್ದ. ಎಂಥ ಶಿಸ್ತು! ನನ್ನ ಶಾಲೆಯ ಮಕ್ಕಳಲ್ಲಿ ಒಬ್ಬರೂ ಹಾಗೆ ಕೇಳಿದವರಲ್ಲ. ಆಮೇಲೆ ಹಾಲಿನವನು ಒಂದು ಹೇಳುತ್ತಿದ್ದ, ಹೂವಿನವಳು ಒಂದು ಹೇಳುತ್ತಿದ್ದಳು. ಸಾಕು ಎನ್ನುವುದನ್ನೂ ಹೇಳಬೇಕೆಂದು ನಮಗೆ ತಡವಾಗಿ ತಿಳಿಯಿತು. ಏಕಾಂತಯ್ಯ ಒಮ್ಮೆ "ಕಸ ಗುಡಿಸಪ್ಪ" ಎಂದು ಹೇಳಿ ಗಿರಾಕಿಯ ಕಡೆ ತಿರುಗಿಕೊಂಡ. ಲಿಂಗರಾಜು ಗುಡಿಸುತ್ತ ಗುಡಿಸುತ್ತ ಅಡ್ಡರಸ್ತೆ ದಾಟಿ ಮುಂದಿನ ಬೀದಿಯನ್ನೂ ಗುಡಿಸಿದ. ಪೌರಕಾರ್ಮಿಕರು ಅವನನ್ನು ಪೊರಕೆ ಸಮೇತ ವಾಪಸು ತಂದುಬಿಟ್ಟರು.

ಕೈಕೆಲಸ ತಪ್ಪಬಾರದು ಎಂದು ಕೀರ್ತಿ ಹೇಳಿದ್ದರಿಂದ ಬೀದಿಯ ಹೆಂಗಸರು ಅವನಿಗೆ ಮಿಕ್ಸಿ ತರಲು ಶುರುಮಾಡಿದರು. ಆದರೆ ತಲೆಗೆ ಏಟು ಬಿದ್ದವನ ಕೈಗೆ ಕೆಟ್ಟ ಮಿಕ್ಸಿ ಕೊಡಲು ಅವರಿಗೆ ಧೈರ್ಯವಿರಲಿಲ್ಲ. ಹಾಗಾಗಿ ಕೆಟ್ಟದ್ದನ್ನು ಬೇರೆ ಕಡೆ ರಿಪೇರಿಗೆ ಕೊಟ್ಟು, ಚೆನ್ನಾಗಿದ್ದುದನ್ನು ಇವನಿಗೆ ತರುತ್ತಿದ್ದರು. ಬಿಚ್ಚು ಎಂದರೆ ಬಿಚ್ಚುತ್ತಿದ್ದ, ಒರೆಸು ಎಂದರೆ ಒರೆಸುತ್ತಿದ್ದ, ಜೋಡಿಸು ಎಂದರೆ ಜೋಡಿಸುತ್ತಿದ್ದ. ನಮ್ಮ ಕಮಲ ಈ ಸೇವೆಯಲ್ಲಿ ಎಲ್ಲರಿಗಿಂತ ಮುಂದು. ನಮ್ಮ ಮನೆಯ ಮಿಕ್ಸಿ ಅಡುಗೆಮನೆಗಿಂತ ಅವನ ಮೇಜಿನ ಮೇಲೆಯೇ ಹೆಚ್ಚು ಹೊತ್ತು ಇರುತ್ತಿತ್ತು.

"ಒಂದು ಮಾತೂ ಬೈಯಲ್ಲ ಕಣ್ರೀ. ಬೈಸಿಕೊಳ್ಳದೆ ವಾಪಸ್ ಬಂದ್ರೆ ದುಡ್ಡು ಕೊಡದೆ ಬಂದ ಹಾಗಾಗುತ್ತೆ" ಎನ್ನುತ್ತಿದ್ದಳು.

ಬಿಂದುವಿನ ಅಣ್ಣ ಶಿವಶಂಕರ್ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಕೊಂಡಿದ್ದ. ತಂಗಿ ಎಂದರೆ ಜೀವ. ಅವಳು ಕರಗಿ ಅರ್ಧವಾದದ್ದನ್ನು ನೋಡಲಾರದೆ, ಶ್ರಾವಣದಲ್ಲಿ ಒಂದು ದಿನ ಬಂದು ಅಂಗಡಿಯಲ್ಲೇ ಮಾತು ತೆಗೆದ.

"ಸಾಕು ಬುಡವ್ವ. ಕೆಳಗಡೆ ರೂಮು ಖಾಲಿ ಐತೆ, ಇಬ್ಬರೂ ಬಂದ್ಬುಡಿ. ಈ ಅಂಗಡಿಗೆ ಮೊಬೈಲ್ ಕವರ್ ಮಾರೋನು ಒಬ್ಬ ಕೇಳ್ತಾವ್ನೆ. ಅಲ್ಲಿ ಭಾವನ್ನ ಟೀವಿ ಮುಂದೆ ಕೂರಿಸಿದ್ರೆ ಆಯ್ತು, ಸುಮ್ನೆ ಕೂತಿರ್ತಾರೆ."

"ಸುಮ್ನೆ ಕೂತಿರ್ತಾರೆ ಕಣಣ್ಣ. ನನಗೆ ಅದೇ ಭಯ" ಎಂದಳು ಬಿಂದು. "ಅಲ್ಲಿ ಒಂದ್ಸಲ ಕೂತ್ರೆ ಮತ್ತೆ ಏಳಲ್ಲ ಇವರು."

ಲಿಂಗರಾಜು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಮಾತು ತನ್ನ ಬಗ್ಗೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಕೊನೆಗೆ ಬಿಂದು ಒಂದು ಗಡುವು ಕೇಳಿದಳು. ದಸರಾದೊಳಗೆ, ಯಾರೂ ಹೇಳದೆ, ಅವನಾಗಿಯೇ ಒಂದೇ ಒಂದು ಕೆಲಸ ಮಾಡಿದರೆ ಅವರು ಇಲ್ಲೇ ಉಳಿಯುವುದು. ಇಲ್ಲದಿದ್ದರೆ ವಿಜಯದಶಮಿ ಕಳೆದ ಮೇಲೆ ಅಂಗಡಿ ಬಿಟ್ಟುಕೊಟ್ಟು ದಟ್ಟಗಳ್ಳಿಗೆ ಹೊರಡುವುದು. ಶಿವಶಂಕರ್ ಒಪ್ಪಿದ. ಅಂಗಡಿಯಲ್ಲಿ ಆಡಿದ ಮಾತಾದ್ದರಿಂದ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಎಡವಟ್ಟಾದದ್ದು ಅಲ್ಲಿಯೇ.

ಗೌರಿ ಹಬ್ಬ ಕಳೆದು ಕೆಲವು ದಿನಕ್ಕೆ ಬಿಂದು ಪಾಯಸದ ಪಾತ್ರೆ ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದಳು. ಕಣ್ಣು ಕೆಂಪಗಿತ್ತು, ಮುಖವೆಲ್ಲ ನಗು.

"ಅಡುಗೆಮನೆಗೆ ಬಂದು 'ಊಟ ಆಯ್ತಾ ಬಿಂದು?' ಅಂದ್ರು ಕಮಲಕ್ಕ! ನಾನು ಏನೂ ಹೇಳಿರಲಿಲ್ಲ, ಅವರಾಗೇ ಬಂದು ಕೇಳಿದ್ರು!"

ಕಮಲ ಅವಳನ್ನು ಅಪ್ಪಿಕೊಂಡಳು. ಆ ಪಾಯಸ ಮನೆಮನೆಗೂ ಹೋಯಿತು. ಶನಿವಾರ ಬಂದ ಕೀರ್ತಿಗೆ ಬಿಂದು ಎಲ್ಲರ ಮುಂದೆ ಇದನ್ನು ಹೇಳುತ್ತಿದ್ದಾಗ ಏಕಾಂತಯ್ಯ ತನ್ನ ಅಂಗಡಿಯಿಂದಲೇ ಎದೆಯುಬ್ಬಿಸಿ ಕೂಗಿದ.

"ಕೇಳ್ದೆ ಇರ್ತಾನಾ? ಹೋಗಿ ಹೆಂಡ್ತಿನ ಊಟ ಆಯ್ತಾ ಅಂತ ಕೇಳಪ್ಪಾ ಅಂತ ನಾನೇ ಅಲ್ವಾ ಕಳಿಸಿದ್ದು!"

ಬಿಂದು ಮನೆಗಳಿಂದ ವಾಪಸು ಬಂದಿದ್ದ ಪಾಯಸದ ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು. ಏಕಾಂತಯ್ಯನಿಗೆ ತಾನು ಏನು ಮಾಡಿದೆನೆಂದು ಸಂಜೆಯವರೆಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮರುದಿನ ಅರ್ಧ ದಿವಸ ಅಂಗಡಿ ಮುಚ್ಚಿದ್ದ. ಬಿಂದು ಸಾಸಿವೆ ಜೀರಿಗೆಗೂ ಆಚೆ ಬೀದಿಗೆ ಹೋಗತೊಡಗಿದಳು.

ಅಂದಿನಿಂದ ಅವಳು ಯಾವುದನ್ನೂ ನಂಬಲಿಲ್ಲ. ಲಿಂಗರಾಜು ತುಳಸಿಗೆ ನೀರು ಹಾಕಿದರೆ "ಯಾರು ಹೇಳಿದ್ರು?" ಎಂದು ಕೇಳುತ್ತಿದ್ದಳು. ಸುಳ್ಳು ಹೇಳಲು ಅವನಿಗೆ ಯಾರೂ ಹೇಳಿರಲಿಲ್ಲ, ಹಾಗಾಗಿ "ಮೇಷ್ಟ್ರು" ಎಂದುಬಿಡುತ್ತಿದ್ದ. ಚಪ್ಪಲಿ ಜೋಡಿಸಿಟ್ಟರೆ "ಹೂವಿನವ್ರು". ಇಡೀ ಬೀದಿಯೇ ಅವರ ಹಿತಚಿಂತಕರಾಗಿದ್ದರಿಂದ ಅವನು ಮಾಡುವ ಒಳ್ಳೆಯ ಕೆಲಸಕ್ಕೆಲ್ಲ ಹಿಂದೆ ಒಬ್ಬರು ಇದ್ದೇ ಇರುತ್ತಿದ್ದರು. ಕೀರ್ತಿ ಕೈಮುಗಿದು ಬೇಡಿಕೊಂಡಳು. "ಹೇಳಬೇಡಿ ಸರ್. ಕಾಯಿರಿ." ಕಾದೆವು. ಬಾಯಿಯೊಳಗೆ ಮಾತು ಇಟ್ಟುಕೊಂಡು ಕೂರುವುದು ಎಂಥ ಹಿಂಸೆ ಎಂದು ಆಗ ಗೊತ್ತಾಯಿತು. ನವರಾತ್ರಿ ಬಂತು. ಲಿಂಗರಾಜು ಸ್ಟೂಲಿನ ಮೇಲೆ ಕೂತೇ ಇದ್ದ.

ಆಯುಧಪೂಜೆಯ ದಿನ ಶಿವಶಂಕರ್ ಬೆಳಿಗ್ಗೆಯೇ ಬಂದ. ತಂಗಿಯ ಮನೆಯ ಪೂಜೆಗೆ ಎಂದು ಬಂದಿದ್ದರೂ, ಯಾವ ಬೀರು ಯಾವ ಬಾಗಿಲಲ್ಲಿ ಹೊರಬರುತ್ತದೆ ಎಂದು ಟೇಪು ಹಿಡಿದು ಅಳೆಯುತ್ತಿದ್ದ. ಬಿಂದು ಅದನ್ನು ನೋಡಿಯೂ ನೋಡದಂತೆ ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರುಗಳನ್ನೆಲ್ಲ ಒರೆಸಿ ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ವಿಭೂತಿ ಬಳಿದು, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟಳು. ಈ ಅಂಗಡಿಯಲ್ಲಿ ಇದೇ ಕೊನೆಯ ಪೂಜೆ ಎಂದು ಅವಳ ಕೈಗೆ ಗೊತ್ತಿದ್ದಂತಿತ್ತು, ಒಂದೊಂದು ಉಪಕರಣಕ್ಕೂ ಅಷ್ಟು ಹೊತ್ತು ತೆಗೆದುಕೊಂಡಳು. ನಾವೆಲ್ಲ ಮಂಗಳಾರತಿಗೆ ಸೇರಿದೆವು. ಏಕಾಂತಯ್ಯನೂ ಬಂದು ದೂರದಲ್ಲಿ ನಿಂತ. ಕೈಮುಗೀರಿ ಎಂದಾಗ ಲಿಂಗರಾಜು ಕೈಮುಗಿದ. ಬಾಗಿಲಲ್ಲಿ ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ಕಮಲ ಮನೆಗೆ ಬಂದು ಕಾಯಿಸಾಸಿವೆ ಚಿತ್ರಾನ್ನಕ್ಕೆ ರುಬ್ಬಲು ಮಿಕ್ಸಿ ಹಾಕಿದಳು. ನಾನು ಇನ್ನೂ ಅಂಗಡಿಯ ಮುಂದೆಯೇ ಕಡ್ಲೆಪುರಿ ತಿನ್ನುತ್ತಿದ್ದೆ. ಮಿಕ್ಸಿ ಕರಕರ ಎಂದಿತು. ಮತ್ತೆ ಹಾಕಿದಳು. ಇನ್ನೂ ಜೋರಾಗಿ ಕರಕರ ಎಂದಿತು.

ಲಿಂಗರಾಜು ತಲೆ ಎತ್ತಿದ.

ಮೂರನೆಯ ಸಲ ಸದ್ದು ಬಂದಾಗ ಅವನು ಸ್ಟೂಲಿನಿಂದ ಎದ್ದ. ರಸ್ತೆ ದಾಟಿ, ನಮ್ಮ ಗೇಟು ತೆಗೆದು, ನೇರವಾಗಿ ಅಡುಗೆಮನೆಗೆ ಹೋದ. ಪ್ಲಗ್ಗು ಕಿತ್ತ. ಜಾರನ್ನು ಕಮಲಳ ಕೈಗೆ ಕೊಟ್ಟು, ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದ. ಹಿಂದೆಯೇ ಕಮಲ ಜಾರು ಹಿಡಿದುಕೊಂಡು ಬಂದಳು. ಅವನು ಮಿಕ್ಸಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಮಣೆಗೆ ಕೈ ಚಾಚಿ, ಪೂಜೆಗಿಟ್ಟ ಸ್ಕ್ರೂಡ್ರೈವರನ್ನು ಎತ್ತಿಕೊಂಡ. ಅದರ ಮೇಲಿದ್ದ ಸೇವಂತಿಗೆ ಕೆಳಗೆ ಬಿತ್ತು. ಕುಂಕುಮವನ್ನು ಪಂಚೆಗೆ ಒರೆಸಿದ.

"ಭಾವ! ಪೂಜೆಗಿಟ್ಟ ಆಯುಧ ಮುಟ್ತಾರಾ!" ಎಂದು ಶಿವಶಂಕರ್ ಮುಂದೆ ಬಂದ.

"ಲಿಂಗರಾಜು, ಇಡು ಕೆಳಗೆ!" ಎನ್ನಲು ನಾನು ಬಾಯಿ ತೆರೆದೆ. ಜೀವಮಾನದ ಅಭ್ಯಾಸ. ಬಿಂದು ನಮ್ಮಿಬ್ಬರ ಕಡೆಗೂ ಕೈ ಎತ್ತಿದಳು. ನಾನು ಬಾಯಿ ಮುಚ್ಚಿದೆ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಏಕಾಂತಯ್ಯನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ನಾನಲ್ಲ ಕಣಮ್ಮ, ಆಯುಧಪೂಜೆ ದಿನ ಹಿಂಗ್ ಮಾಡು ಅಂತ ಯಾರಾದ್ರೂ ಹೇಳ್ತಾರಾ?" ಎಂದ ಏಕಾಂತಯ್ಯ. ಅವನ ದನಿಯಲ್ಲಿ ಅಳು ಇತ್ತು.

ಅದು ನಿಜ. ಒಳ್ಳೆಯದನ್ನೇ ಬಯಸುವ ನಮ್ಮ ಬೀದಿಯಲ್ಲಿ ಇಂಥ ಕೆಲಸ ಮಾಡು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಆದರೂ ಬಿಂದು ಮೇಜಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ಯಾರು ಹೇಳಿದ್ರು ನಿಮಗೆ?"

"ಯಾರ್ ಹೇಳ್ಬೇಕು?" ಎಂದ ಲಿಂಗರಾಜು. "ಅಷ್ಟು ಸದ್ದು ಮಾಡ್ತೈತೆ, ಕಿವಿ ಇಲ್ವಾ ನಿಮಗೆ?"

ಕಮಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ತಳದ ಸ್ಕ್ರೂವಿಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿದ. ಅದು ಜಾರಿತು. ಇನ್ನೊಂದಕ್ಕೆ ಕೊಟ್ಟ. ಅದೂ ಜಾರಿತು. ಬಗ್ಗಿ ನೋಡಿದ. ಆಮೇಲೆ ಅವನು ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದ. ಒಂದು ವರ್ಷದ ಹಿಂದೆ ನಾವು ಕಂಡಿದ್ದ ಮುಖ ಅದು.

"ಯಾವ ಮುಠ್ಠಾಳ ಇದನ್ನ ಇಷ್ಟು ಸಲ ಬಿಚ್ಚಿದ್ದು? ಒಂದು ಸ್ಕ್ರೂ ತಲೆಯಲ್ಲೂ ಕಚ್ಚು ಉಳಿದಿಲ್ಲ, ಎಲ್ಲ ಸವೆದೋಗೈತೆ! ಒಳಗಡೆ ಏನೂ ನೆಟ್ಟಗಿರಲ್ಲ ಇನ್ನ. ಕಮಲಕ್ಕ, ಎಲ್ಲಿ ಕೊಟ್ಟಿದ್ರಿ ಇದನ್ನ? ನಿಜ ಹೇಳ್ಬುಡಿ."

ಕಮಲ ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಕಡ್ಲೆಪುರಿ ನೋಡಿದೆ.

"ಇಲ್ಲೇ ಯಾರೋ ಒಬ್ಬರ ಹತ್ರ ಕಣಪ್ಪ" ಎಂದಳು.

"ಅವನ ಹತ್ರ ಇನ್ನೊಂದ್ಸಲ ಹೋದ್ರೆ ನನ್ನ ಅಂಗಡಿಗೆ ಬರಬೇಡಿ" ಎಂದು ಅವನು ಅವಳಿಗೆ ಇನ್ನೂ ಬೈದ. ಹಬ್ಬದ ದಿನ ಅಷ್ಟು ಜನರ ಮುಂದೆ ಬೈಸಿಕೊಂಡ ನನ್ನ ಹೆಂಡತಿಯ ಮುಖ ಅರಳಿತ್ತು. ಬಿಂದು ಗೋಡೆಗೆ ಒರಗಿ ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ನಿಂತ್ಕೊಂಡು ಏನ್ ನೋಡ್ತೀಯಾ ಬಿಂದು? ಹೊಸ ಸ್ಕ್ರೂ ಡಬ್ಬಿ ಕೊಡು. ಮೇಷ್ಟ್ರೇ, ಬೆಳಕಿಗೆ ಅಡ್ಡ ನಿಂತಿದ್ದೀರಾ, ಈ ಕಡೆ ಬನ್ನಿ."

ಬಿಂದು ಡಬ್ಬಿ ಕೊಟ್ಟಳು. ನಾನು ಆ ಕಡೆಯಿಂದ ಈ ಕಡೆಗೆ ಬಂದೆ. ಏಕಾಂತಯ್ಯ ಹೇಳಿಸಿಕೊಳ್ಳದೆಯೇ ಟಾರ್ಚು ತರಲು ಓಡಿದ. ಶಿವಶಂಕರ್ ಟೇಪನ್ನು ಜೇಬಿಗೆ ಹಾಕಿಕೊಂಡ. ಮೊಬೈಲ್ ಕವರಿನವನಿಗೆ ಏನು ಹೇಳಲಿ ಎಂದು ತಂಗಿಯನ್ನು ಕೇಳಲಿಲ್ಲ. ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಂಡು, ಹೊಗೆ ಎಂದ. ಊದುಬತ್ತಿ ಆರಿ ಬಹಳ ಹೊತ್ತಾಗಿತ್ತು.

ಮಿಕ್ಸಿ ಸರಿಯಾಯಿತು. ಲಿಂಗರಾಜು ಅದನ್ನು ಒಮ್ಮೆ ಓಡಿಸಿ, ಕಿವಿಗೊಟ್ಟು ಕೇಳಿ, ನಿಲ್ಲಿಸಿದ. ಆಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲಿನಂತೆ ಸುಮ್ಮನೆ ಕೂತುಬಿಟ್ಟ. ನಾವು ಕಾದೆವು. ಇನ್ನೇನೂ ಆಗಲಿಲ್ಲ. ಬೈಗುಳ ಅಷ್ಟಕ್ಕೇ ಮುಗಿದಿತ್ತು.

ಮಧ್ಯಾಹ್ನ ಬಿಂದು ಅವನಿಗೆ ಏಳಿ ಎಂದಳು, ಕೈ ತೊಳೀರಿ ಎಂದಳು, ಎಲೆಯ ಮುಂದೆ ಕೂರಿ ಎಂದಳು. ನಾವು ಎದುರು ಮನೆಯಲ್ಲಿ ಚಿತ್ರಾನ್ನ ಬಡಿಸಿಕೊಂಡು ಕೂತಿದ್ದೆವು. "ಅಗೀರಿ" ಎಂದು ಅವಳ ದನಿ ಕೇಳಿತು. ಸ್ವಲ್ಪ ಬಿಟ್ಟು "ನುಂಗಿ" ಎಂದಳು. ಅಷ್ಟು ಸಂತೋಷದಿಂದ ಆ ಮಾತನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನೂ ನುಂಗಿದೆ.